ಊಟಾತೇನ್ರಿ ಆಪಾ, ಓವರ್

ಸಿಂಧನೂರಿನ ಆ ಕಾಲುವೆ ಕಚೇರಿಯಲ್ಲಿ ಮಾತಾಡುವುದಕ್ಕೇ ಸಂಬಳ ಪಡೆಯುತ್ತಿದ್ದವರು ಇಬ್ಬರು. ಒಬ್ಬರು ಸಾಹೇಬರು, ಇನ್ನೊಬ್ಬಳು ಮಾಬುಬೀ. ಸಾಹೇಬರ ಮಾತನ್ನು ಕೇಳಬೇಕಾದವರೂ ಕೇಳುತ್ತಿರಲಿಲ್ಲ. ಮಾಬುಬೀಯ ಮಾತನ್ನು ಕೇಳಬಾರದವರೂ ಕೇಳುತ್ತಿದ್ದರು. ಮೊದಲನೆಯ ತೊಂದರೆಗೆ ಈ ದೇಶದಲ್ಲಿ ಇನ್ನೂ ಔಷಧಿ ಸಿಕ್ಕಿಲ್ಲ. ಎರಡನೆಯದಕ್ಕೆ ಮಾಬುಬೀ ಒಂದು ಔಷಧಿ ಕಂಡುಹಿಡಿದಳು.

ಅವಳು ಹುಟ್ಟಿದ್ದು ಲಿಂಗಸುಗೂರಿನಲ್ಲಿ. ಅಪ್ಪ ತಹಸೀಲು ಕಚೇರಿಯ ಜವಾನ. ಬಾಗಿಲ ಬಳಿ ನಿಂತು ‘ಹಾಜರ್ ಹೋ’ ಎಂದು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿದ್ದವರೂ ಎದ್ದು ನಿಲ್ಲುತ್ತಿದ್ದರಂತೆ. ಆಸ್ತಿ ಅಂತ ಮಗಳಿಗೆ ಬಂದದ್ದು ಆ ದನಿಯೊಂದೇ. ಹತ್ತನೇ ಇಯತ್ತೆ ಮುಗಿಸಿ ಮಸ್ಕಿಗೆ ಮದುವೆಯಾಗಿ ಹೋದಳು. ಗಂಡ ಕಾಲುವೆಯ ಮೇಲೆ ಲಸ್ಕರ್, ಅಂದರೆ ಗೇಟು ಎತ್ತಿ ಇಳಿಸಿ ನೀರಿನ ಮಟ್ಟ ಬರೆದುಕೊಳ್ಳುವವನು. ಎಂಬತ್ತೆರಡರಲ್ಲಿ ಕಾಮಾಲೆಯಾಗಿ ತೀರಿಕೊಂಡ. ಮರುವರ್ಷ ಕಚೇರಿಗೆ ವೈರ್‌ಲೆಸ್ ಸೆಟ್ಟು ಬಂತು. ಗುಮಾಸ್ತರು ಯಾರೂ ಅದರ ಮುಂದೆ ಕೂರಲು ಒಪ್ಪಲಿಲ್ಲ. ಆಡಿದ್ದೆಲ್ಲ ಮೇಲಿನವರ ಕಿವಿಗೆ ಬೀಳುತ್ತದೆಂಬ ಹೆದರಿಕೆ. ‘ಲಸ್ಕರನ ಹೆಂಡತಿಗೆ ದನಿ ಚೆನ್ನಾಗಿದೆ’ ಎಂದು ಯಾರೋ ಹೇಳಿದರು. ತಾತ್ಕಾಲಿಕ ಎಂದು ಬರೆದ ಕಾಗದ ಹಿಡಿದು, ಅತ್ತೆ ಹಾಜಿರಾಬೀಯನ್ನೂ ಒಂದು ಬೀಸುವ ಕಲ್ಲನ್ನೂ ಕಟ್ಟಿಕೊಂಡು ಮಾಬುಬೀ ಸಿಂಧನೂರಿಗೆ ಬಂದಳು.

ಆ ಕುರ್ಚಿ ಅವಳಿಗೆ ಹಿಡಿಸಿಬಿಟ್ಟಿತು. ಮಸ್ಕಿಯಲ್ಲಿ ಹೊಸ್ತಿಲು ದಾಟಲು ಮೂವರನ್ನು ಕೇಳಬೇಕಿತ್ತು. ಇಲ್ಲಿ ಒಂದು ಗುಂಡಿ ಒತ್ತಿದರೆ ದನಿ ಯಾರನ್ನೂ ಕೇಳದೆ ಮೂವತ್ತು ಕಿಲೋಮೀಟರು ಹೋಗುತ್ತಿತ್ತು. ಹಳೆಯ ಚಾದರದಿಂದ ಕುರ್ಚಿಗೊಂದು ದಿಂಬು ಹೊಲಿದಳು. ಮಾತಿನ ಕೊನೆಗೆ ‘ಓವರ್’ ಅನ್ನುವುದು ಎಷ್ಟು ರೂಢಿಯಾಯಿತೆಂದರೆ ಮನೆಯಲ್ಲೂ ಅದೇ.

“ಅಮ್ಮೀ, ಸಾರಿಗೆ ಉಪ್ಪು ಹಾಕೀನಿ, ಓವರ್.”

“ಓವರ್ ಆಗೈತಿ ಅಂತ ನಾಲಿಗಿಗೆ ಗೊತ್ತಾತು ಬೇಟಿ,” ಎನ್ನುತ್ತಿದ್ದಳು ಹಾಜಿರಾಬೀ.

ಸೆಟ್ಟಿನ ಇನ್ನೊಂದು ತುದಿ ಇದ್ದದ್ದು ಇಲಾಖೆಯ ಜೀಪಿನಲ್ಲಿ. ಅದರ ಡ್ರೈವರು, ಆಪರೇಟರು ಎರಡೂ ಆಗಿದ್ದವನು ಪಾಮನಕಲ್ಲೂರಿನ ಆದೆಪ್ಪ. ವಾರವೆಲ್ಲ ಕಾಲುವೆಯ ಮೇಲೆ ತಿರುಗಿ, ರಾತ್ರಿ ಮಸ್ಕಿಯಲ್ಲಿ ತಂಗಿ, ಶನಿವಾರ ಸಿಂಧನೂರಿಗೆ ಬರುತ್ತಿದ್ದ. ಆದೆಪ್ಪನದು ಮರ್ಯಾದೆಯ ಪ್ರಾಣ. ದಾರಿಯಲ್ಲಿ ಎಮ್ಮೆ ಅಡ್ಡ ನಿಂತರೆ ಹಾರ್ನ್ ಹೊಡೆಯುತ್ತಿರಲಿಲ್ಲ. ಇಳಿದು, ಮೈ ಸವರಿ, “ಸರೀಬೇ, ನಾ ಹೋಗ್ಬೇಕು” ಎನ್ನುತ್ತಿದ್ದ. ಕೈ ಚಾಚಿದವರನ್ನೆಲ್ಲ ಜೀಪಿಗೆ ಹತ್ತಿಸಿಕೊಳ್ಳುತ್ತಿದ್ದ. ಮಾಬುಬೀಯನ್ನು ಊರವರ ಹಾಗೆ ‘ಆಪಾ’, ಅಂದರೆ ಅಕ್ಕ, ಎನ್ನುತ್ತಿದ್ದ. ಯಾರು ಏನೇ ಹೇಳಲಿ, ಮೊದಲು ‘ಊಟಾತೇನ್ರಿ’ ಎಂದು ಕೇಳದೆ ಅವನ ಬಾಯಿಂದ ಉತ್ತರ ಹೊರಡುತ್ತಿರಲಿಲ್ಲ.

ಇಬ್ಬರ ಕೆಲಸ ಇಷ್ಟು. ಆ ಉಪಕಾಲುವೆಯ ಮೇಲ್ಭಾಗದಲ್ಲಿ ಒಂಬತ್ತು ತೂಬುಗಳು. ತೂಬಿಗೆ ಇಷ್ಟು ನೀರು ಎಂದು ಸರ್ಕಾರ ಲೆಕ್ಕ ಹಾಕಿತ್ತು. ರೈತರು ಅದರ ಪಕ್ಕದಲ್ಲೇ ಏರಿಯಡಿಯಿಂದ ಕಳ್ಳ ಪೈಪು ತೂರಿಸಿ ಬೇರೆ ಲೆಕ್ಕ ಹಾಕಿದ್ದರು. ಒಬ್ಬನದು ನಾಲ್ಕಿಂಚಾದರೆ ಇನ್ನೊಬ್ಬನದು ಆರು, ಭಾರೀ ಪೈಪೋಟಿ. ಮಧ್ಯಾಹ್ನಕ್ಕೆ ಲಸ್ಕರರು ನೀರಿನ ಮಟ್ಟ ತಿಳಿಸಿದ ಮೇಲೆ, ಎಲ್ಲಿ ನೀರು ಸೋರುತ್ತಿದೆಯೆಂದು ಸಾಹೇಬರು ಅಂದಾಜು ಮಾಡಿ ‘ಇವತ್ತು ಇಂಥ ತೂಬು’ ಎನ್ನುತ್ತಿದ್ದರು. ಮಾಬುಬೀ ಅದನ್ನು ಆದೆಪ್ಪನಿಗೆ ಹೇಳಬೇಕು, ಆದೆಪ್ಪ ಹೋಗಿ ಪೈಪು ಹಿಡಿಯಬೇಕು. ಜೀಪು ಒಂದೇ ಆದ್ದರಿಂದ ದಿನಕ್ಕೆ ತೂಬೂ ಒಂದೇ.

ಈ ಒಂಬತ್ತು ತೂಬು ದಾಟಿದ ಮೇಲೆ ಕಾಲುವೆಯ ಬಾಲದ ತುದಿಗೆ ಗಾಳೆಮ್ಮ ಎಂಬುವಳ ನಾಲ್ಕೆಕರೆ ನೆಲ್ಲು ಇತ್ತು. ಹೆಸರಿಗೆ ತಕ್ಕ ಹಾಗೆ ಕಾಲುವೆಯಲ್ಲಿ ಅವಳ ಪಾಲಿಗೆ ಬರುತ್ತಿದ್ದುದು ಬರೀ ಗಾಳಿ. ಎಂಬತ್ತೊಂಬತ್ತರ ಬೇಸಿಗೆ ಬೆಳೆಯ ಹೊತ್ತಿಗೆ ಅವಳು ಸಾಹೇಬರ ಮೇಜಿನ ಮುಂದೆ ಬಂದು ನಿಂತಳು.

“ಸಾಹೇಬ್ರ, ನಿಮ್ಮ ಜೀಪು ಬರೂದ್ರಾಗ ಪೈಪು ಹೋಗಿರ್ತಾವ. ಜೀಪು ಹೊಳ್ಳಿದ ಕೂಡ್ಲೆ ಪೈಪು ಬಂದಿರ್ತಾವ. ಸರ್ಕಾರಿ ಬಸ್ಸಿಗಿಂತ ಟೈಮಿಗೆ ಸರಿ ಅದಾವ ನೋಡ್ರಿ.”

ಅದು ನಿಜವೇ ಆಗಿತ್ತು. ಎರಡು ತಿಂಗಳಲ್ಲಿ ಒಂದೂ ಪೈಪು ಸಿಕ್ಕಿರಲಿಲ್ಲ. ಮೈಸೂರು ಕಡೆಯವರಾದ ಸಾಹೇಬರು ಮಾಬುಬೀಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

“ನೋಡಿ ಮಾಬುಬೀ, ತೂಬಿನ ನಂಬರು ನನಗೆ, ನಿಮಗೆ, ಆದೆಪ್ಪನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನಾನು ಹೇಳಿಲ್ಲ. ಹದಿನೈದು ದಿನ ಟೈಮ್ ಕೊಡ್ತೀನಿ, ಒಂದು ಪೈಪಾದರೂ ಸಿಗಬೇಕು. ಇಲ್ಲಾಂದ್ರೆ ಈ ಕುರ್ಚಿಗೆ ಬೇರೆಯವರು ಬರ್ತಾರೆ. ನಿಮಗೆ ಲಿಂಗಸುಗೂರಿನ ಗೋದಾಮಲ್ಲಿ ಗೋಣಿಚೀಲ ನೋಡ್ಕೊಳ್ಳೋ ಕೆಲಸ ಇದೆ.”

ಗೋಣಿಚೀಲಗಳ ಬಗ್ಗೆ ಮಾಬುಬೀಗೆ ದ್ವೇಷವೇನೂ ಇರಲಿಲ್ಲ. ಆದರೆ ಅವು ಮಾತಾಡಿಸಿದರೆ ಮಾತಾಡುವುದಿಲ್ಲ. ಆ ದಿನ ಮೊದಲ ಸಲ ಅವಳು ‘ಓವರ್’ ಅನ್ನುವುದನ್ನೇ ಮರೆತಳು. ಮರುದಿನ ಅದರ ಮೇಲೆ ನೆಗಡಿಯೂ ಆಯಿತು.

ಆ ನೆಗಡಿಯೇ ಕಳ್ಳನನ್ನು ತೋರಿಸಿಕೊಟ್ಟಿತು. ಎರಡು ದಿನ ಸೆಟ್ಟಿನ ಮುಂದೆ ಮೂಗಿನಲ್ಲೇ ಮಾತಾಡಿದಳು. ಕಚೇರಿ, ಮನೆ ಬಿಟ್ಟರೆ ಎಲ್ಲಿಗೂ ಹೋಗಲಿಲ್ಲ. ಮೂರನೆಯ ದಿನ ನೆಗಡಿ ಬಿಟ್ಟಿತು. ಉಳ್ಳಾಗಡ್ಡಿ ತರಲು ಹೋದಾಗ ಬಸ್‌ಸ್ಟ್ಯಾಂಡಿನ ಬಳಿ ನಾಲ್ಕನೇ ತೂಬಿನ ರೈತ ಮುದುಕಪ್ಪ ಎದುರಾದ. ಹೆಸರಷ್ಟೇ ಮುದುಕಪ್ಪ; ನಲವತ್ತೈದರ ಗಟ್ಟಿ ಆಳು, ನಗುಮುಖ.

“ಏನ್ ಆಪಾ, ನೆಗಡಿ ಕಡಿಮಿ ಆತೇನ್ರಿ? ಬಿಸಿನೀರಾಗ ಅರಿಶಿಣ ಹಾಕ್ಕಂಡು ಕುಡೀರಿ, ದನಿ ಪೂರಾ ಕುಂತಿತ್ತು ನೋಡ್ರಿ.”

“ಆತಪಾ, ಆರಾಮಾತು” ಎಂದು ಹತ್ತು ಹೆಜ್ಜೆ ಹೋದ ಮಾಬುಬೀ ಅಲ್ಲೇ ನಿಂತಳು. ಕುಂತ ದನಿಯನ್ನು ಇವನು ಎಲ್ಲಿ ನಿಂತು ಕೇಳಿದ?

ಮರುದಿನ ಆದೆಪ್ಪನನ್ನು ಕಚೇರಿಗೆ ಕರೆಸಿ ಕೇಳಿದಳು. ಅವನು ಮೊದಲು ಅವಳ ಊಟ ವಿಚಾರಿಸಿ, ಆಮೇಲೆ ತಲೆ ಕೆರೆದುಕೊಂಡ. “ಮುದುಕಪ್ಪನ ಹೊಲದಾಗ ಗುಡಿಸಲ ಐತಲ್ರಿ ಆಪಾ, ಅದರ ಮ್ಯಾಲ ಟಿ.ವಿ. ಕಡ್ಡಿ ಕಟ್ಯಾನ. ಗುಡಿಸಲದಾಗ ಟಿ.ವಿ. ಇಲ್ಲ. ಕರೆಂಟೂ ಇಲ್ಲ. ಯಾಕಿದ್ದೀತು ಅಂತ ನಾನೂ ವಿಚಾರ ಮಾಡಿದ್ದೆ, ಆದ್ರ ಕೇಳಿದ್ರ ಚಲೋ ಕಾಣಲ್ಲ ಅಂತ ಬಿಟ್ಟೆ.”

ಯಾವನೋ ರೇಡಿಯೋ ರಿಪೇರಿಯವನಿಂದ ವೈರ್‌ಲೆಸ್ಸಿನ ಮಾತು ಹಿಡಿಯುವಂತೆ ಕಿವಿ ತಿರುಚಿಸಿದ ರೇಡಿಯೋ ಅವನ ಗುಡಿಸಲಲ್ಲಿದೆ ಎಂಬುದು ಸ್ಪಷ್ಟವಾಯಿತು. ವೈರ್‌ಲೆಸ್ಸಿಗೆ ವೈರ್ ಇರಲಿಲ್ಲ, ವೈರಿ ಇದ್ದ. ಸಾಹೇಬರಿಗೆ ಹೇಳಿದರೆ, “ಕಡ್ಡಿ ನೋಡಿ ಕೇಸು ಹಾಕಕ್ಕಾಗಲ್ಲ. ಪೈಪು ತೋರಿಸಿ” ಎಂದರು.

ಮಾಬುಬೀ ಮೊದಲು ಅಡುಗೆಮನೆಯ ಗುಟ್ಟು ಹೂಡಿದಳು. ನೀರಿನ ಮಟ್ಟವನ್ನು ದಿನವೂ ಅಡಿಗೆ ಇಷ್ಟು, ಅಡಿಗೆ ಅಷ್ಟು ಎಂದು ಹೇಳುತ್ತಿದ್ದವಳು ಅಡಿಗೆಗೇ ಇಳಿದಳು ಅನ್ನಿ. ಮೂರನೇ ತೂಬಿಗೆ ಹೋಗಬೇಕಾದರೆ ‘ಮೂರು ರೊಟ್ಟಿ ಬಡಿ’ ಎಂಬ ಸಂಕೇತ. ಆದೆಪ್ಪ ಮೂರಕ್ಕೆ ಹೋದರೆ ಪೈಪೂ ಇಲ್ಲ, ಪೈಪಿದ್ದ ತೂತೂ ಇಲ್ಲ, ಏರಿಯ ಮೇಲೊಂದು ಬಾಳೆಎಲೆಯಲ್ಲಿ ಮೂರು ರೊಟ್ಟಿ, ಶೇಂಗಾ ಚಟ್ನಿ ಇಟ್ಟಿತ್ತು. ಆದೆಪ್ಪನಿಗೆ ಹಸಿವಾಗಿತ್ತು, ತಿಂದ. ಸೆಟ್ಟಿನಲ್ಲಿ “ಚಟ್ನಿ ಚಲೋ ಆಗಿತ್ರಿ” ಎಂದು ಪ್ರಾಮಾಣಿಕವಾಗಿ ವರದಿ ಕೊಟ್ಟ.

ಆಮೇಲೆ ಅಂಕಿಯ ಪಟ್ಟಿ ಬರೆದಳು. ಸೋಮವಾರ ನಂಬರಿಗೆ ನಾಲ್ಕು ಕೂಡಿಸಿ ಹೇಳುವುದು, ಮಂಗಳವಾರ ಎರಡು, ಹೀಗೆ. ಕೇಳಿಸಿಕೊಂಡ ಆದೆಪ್ಪ ಅಷ್ಟೇ ಕಳೆಯಬೇಕು. ಪಟ್ಟಿಯನ್ನು ಅವನ ಕೈಗೇ ಕೊಟ್ಟಳು. ಅವನು ಜೀಪಿನ ಗಾಜಿನ ಕೆಳಗಿಟ್ಟುಕೊಂಡ. ಅದೇ ದಿನ ಲಿಫ್ಟ್ ಕೇಳಿದ ಮುದುಕಪ್ಪ ಪಕ್ಕದಲ್ಲೇ ಕೂತು, ಎಲೆ ಅಡಿಕೆ ಸುತ್ತಲು ಒಂದು ಚೂರು ಕಾಗದ ಬೇಕೆಂದ. ಇದ್ದ ಕಾಗದ ಅದೊಂದೇ. ಇಲ್ಲ ಅನ್ನಲು ಆದೆಪ್ಪನಿಗೆ ಬರುತ್ತಿರಲಿಲ್ಲ.

“ಬಾಯಿಪಾಠ ಮಾಡಿಸಿದ್ರ?” ಎಂದು ಆದೆಪ್ಪನೇ ಉಪಾಯ ಹೇಳಿದ. ಮಾಡಿಸಿದಳು. ಮರೆತೀತೆಂದು ಅವನು ಜೀಪು ಓಡಿಸುತ್ತ ಅದನ್ನು ಭಜನೆಯ ಧಾಟಿಯಲ್ಲಿ ಹಾಡಿಕೊಂಡು ಹೋದ. ಹಿಂದೆ ಲಿಫ್ಟಿಗೆ ಕೂತಿದ್ದ ಐವರು ತಾಳ ಹಾಕಿದರು.

ಹದಿನೈದರಲ್ಲಿ ಎಂಟು ದಿನ ಹೋದವು. ಮಾಬುಬೀಗೆ ಒಂದು ಮಾತು ಮಾತ್ರ ಖಾತ್ರಿಯಾಯಿತು: ಮೊದಲೇ ಮಾಡಿಟ್ಟುಕೊಂಡ ಗುಟ್ಟು ಹಾದಿಯಲ್ಲಿ ಸೋರುತ್ತದೆ. ಬೇಕಾದ ಗಳಿಗೆಯಲ್ಲಿ, ಬೇಕಾದ ಇಬ್ಬರ ನಡುವೆ ಹುಟ್ಟುವ ಗುಟ್ಟು ಬೇಕು. ಅದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಲೂ ಬಾರದು, ಇಬ್ಬರಿಗೂ ಗೊತ್ತಿರಲೂ ಬೇಕು. ಹೀಗೆ ಯೋಚಿಸಿದಾಗ ಅವಳಿಗೇ ನಗು ಬಂತು. ಮಾತಾಡದೆ ಇಬ್ಬರಿಗೆ ಒಂದೇ ವಿಷಯ ತಿಳಿಯಲು ಅವರೇನು ಹೊಸದಾಗಿ ಮದುವೆಯಾದವರೇ?

ಭಾನುವಾರ ಕರೆಂಟು ಹೋಗಿ ಗಿರಣಿ ನಿಂತಿತ್ತು. ಅತ್ತೆ ಸೊಸೆ ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂತು ಒಂದೇ ಗೂಟ ಹಿಡಿದು ಜೋಳ ಬೀಸುತ್ತಿದ್ದರು. ಪಕ್ಕದ ಮನೆಯ ಮುನ್ನಿಬೀ ಕಟ್ಟೆಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಹಾಜಿರಾಬೀ ಕಣ್ಣು ಮುಚ್ಚಿಕೊಂಡೇ ಹೇಳಿದಳು:

“ಬೇಟಿ, ಮೂರು ಸುತ್ತು ಬರೋಬ್ಬರಿ ತಿರುವಿದಿ, ಆಮ್ಯಾಲ ಎರಡು ಸುತ್ತು ಕೈ ಬಿಟ್ಟಿ. ಲಕ್ಷ್ಯ ಎಲ್ಲೈತಿ?”

“ಕಣ್ಣು ಮುಚ್ಚೀರಿ, ನಿಮಗ ಹ್ಯಾಂಗ ಗೊತ್ತಾತು?”

“ಗೂಟ ಒಂದೇ ಅಲ್ಲೇನು? ನೀ ಜಗ್ಗಿದ್ದು ನನ್ನ ಕೈಗೆ ಬರ್ತೈತಿ, ನಾ ಜಗ್ಗಿದ್ದು ನಿನ್ನ ಕೈಗೆ.”

ಮಾಬುಬೀ ತಿರುಗಿ, “ಮುನ್ನಿಬೀ, ಯಾವ ಸುತ್ತಿಗೆ ಕೈ ಬಿಟ್ಟೆ, ನಿನಗೂ ಗೊತ್ತಾತೇನು?” ಎಂದಳು.

“ನನಗೇನು ತಿಳೀತದವ್ವಾ? ಗರಗರ ಅಂತ ಕೇಳಿಸ್ತು.”

ಮಾಬುಬೀಯ ಕೈ ಪೂರ್ತಿ ನಿಂತುಹೋಯಿತು. ಸೆಟ್ಟಿನ ಮೇಲೆ ಗಡಿಯಾರದಂಥ ಒಂದು ಬಿಲ್ಲೆ, ಅದರಲ್ಲೊಂದು ಮುಳ್ಳು ಇತ್ತು. ಎದುರಿನವರ ದನಿ ಜೋರಾಗಿ ಬಂದರೆ ಮುಳ್ಳು ಮೇಲೇಳುತ್ತಿತ್ತು, ಮುಳುಗಿದರೆ ಇಳಿಯುತ್ತಿತ್ತು. ಜೀಪು ಓಡುವಾಗ ಗಿಡ, ಏರಿ, ಸೇತುವೆ ಅಡ್ಡ ಬಂದು ಮುಳ್ಳು ಕುಣಿಯುತ್ತಲೇ ಇರುತ್ತಿತ್ತು. ಆರು ವರ್ಷದಿಂದ ಅವಳು ಕಂಡ ಒಂದು ವಿಚಿತ್ರವಿತ್ತು. ಆದೆಪ್ಪನ ದನಿ ಇಲ್ಲಿ ಮುಳುಗಿದ ಕ್ಷಣದಲ್ಲೇ ಅವನೂ ಅಲ್ಲಿಂದ ‘ನಿಮ್ಮ ದನಿ ಮುಳುಗ್ತ್ರಿ’ ಎನ್ನುತ್ತಿದ್ದ. ಇಬ್ಬರ ನಡುವಿನ ದಾರಿ ಒಂದೇ. ಹೋಗುವ ದನಿಗೆ ಅಡ್ಡ ಬಂದ ಗಿಡವೇ ಬರುವ ದನಿಗೂ ಅಡ್ಡ. ಮುದುಕಪ್ಪನ ಗುಡಿಸಲು ಇರುವುದು ಬೇರೆ ಕಡೆ, ಅವನಿಗೆ ದನಿ ಬರುವ ದಾರಿಯೂ ಬೇರೆ. ಅವನು ಕಟ್ಟೆಯ ಮೇಲಿನ ಮುನ್ನಿಬೀ. ಗರಗರ ಕೇಳಿಸುತ್ತದೆ, ಗೂಟ ಸಿಗುವುದಿಲ್ಲ.

ಸೋಮವಾರ ಬೆಳಗ್ಗೆ ಆದೆಪ್ಪನನ್ನು ಕಚೇರಿಗೇ ಕರೆಸಿ, ಬಾಗಿಲು ಹಾಕಿ ಪಾಠ ಹೇಳಿದಳು.

“ಜೀಪು ಮೆಲ್ಲಕ ನಡಸ್ಗ್ಯಾಂತ ಇರು. ನಾ ‘ಒಂದು’ ಅಂತೀನಿ. ನೀ ನಿನ್ನ ಮುಳ್ಳು ನೋಡು. ನಡಕ್ಕಿಂತ ಮ್ಯಾಲಿದ್ರ ಗೀಟು ಬರಿ, ಕೆಳಗಿದ್ರ ಸೊನ್ನಿ ಬರಿ. ಆಮ್ಯಾಲ ನೀ ‘ಒಂದು’ ಅನ್ನು, ನಾ ನನ್ನ ಮುಳ್ಳು ನೋಡಿ ಬರಕಂತೀನಿ. ಹಿಂಗ ಎರಡು, ಮೂರು. ಮುಳ್ಳು ನಟ್ಟನಡು ನಿಂತ್ರ ‘ಬಿಡು’ ಅನ್ನು, ಇಬ್ರೂ ಆ ನಂಬರು ಹೊಡದು ಹಾಕೂನು. ಉಳಿದಿದ್ರಾಗ ಮೊದಲನೇ ಐದು ತಗೊಂಡು ಗೀಟು ಎಷ್ಟು ಅದಾವ ಎಣಸು. ನಾ ಹೇಳೂ ತೂಬಿನ ನಂಬರದಾಗ ಅಷ್ಟು ಕಳದಬಿಡು. ಅದೇ ಖರೇ ತೂಬು.”

“ಸೊನ್ನಿ, ಮೈನಸ್ ಬಂದ್ರ?”

“ಒಂಬತ್ತು ಕೂಡಿಸು. ನಾ ಕೂಡಿಸಿದ್ದು ಒಂಬತ್ತು ದಾಟಿದ್ರ ಒಂಬತ್ತು ಕಳದು ಹೇಳ್ತೀನಿ.”

ಆದೆಪ್ಪ ಬೆರಳು ಮಡಚಿ ಲೆಕ್ಕ ಹಾಕಿ ನೋಡಿದ. “ಮುದುಕಪ್ಪಗ ಈ ಉಪಾಯನ ಗೊತ್ತಾಗಿಬಿಟ್ರ ಆಪಾ?”

“ಗೊತ್ತಾಗ್ಲಿ ಬಿಡು. ಬೀಸೂದು ಊರಿಗೆಲ್ಲ ಗೊತ್ತು. ಕೈ ಗೊತ್ತಾಗೂದು ಗೂಟ ಹಿಡದವರಿಗೆ ಅಷ್ಟ. ಆದ್ರ ಲಿಫ್ಟ್ ಬಂದ್.”

ಆದೆಪ್ಪ ಇದಕ್ಕೆ ಬಹಳ ನೊಂದುಕೊಂಡ. ಜನಕ್ಕೆ ಇಲ್ಲ ಅನ್ನಲಾರದೆ ಜೀಪಿನ ಮುಂದೆ ‘ಬ್ರೇಕ್ ಸರಿ ಇಲ್ಲ’ ಎಂದು ಸುಣ್ಣದಲ್ಲಿ ಬರೆದ. ಚಾಚಿದ ಕೈಗಳು ತಾವಾಗಿಯೇ ಕೆಳಗಿಳಿದವು.

ಆ ದಿನ ಸಾಹೇಬರು ಹೇಳಿದ್ದು ಎರಡನೇ ತೂಬು. ಮಾಬುಬೀಯ ಕಾಗದದಲ್ಲಿ ಮೂರು ಗೀಟು. “ಐದು ನೋಡು, ಓವರ್” ಎಂದಳು. ಆದೆಪ್ಪನ ಕಾಗದದಲ್ಲಿ ನಾಲ್ಕು ಗೀಟು ಬಿದ್ದಿದ್ದವು. ಐದರಲ್ಲಿ ನಾಲ್ಕು ಕಳೆದು ಒಂದನೇ ತೂಬಿಗೆ ಹೋದ. ಆ ತೂಬಿನ ಗ್ಯಾನಪ್ಪ ಇಡೀ ಕಾಲುವೆಗೆ ಒಬ್ಬನೇ ಸಾಚಾ ಮನುಷ್ಯ. ಜೀಪು ನೋಡಿ ಸಂತೋಷಪಟ್ಟು ಮಜ್ಜಿಗೆ ಕೊಟ್ಟ. ಮರುದಿನ ಇನ್ನೂ ಕೆಟ್ಟಿತು: ಆದೆಪ್ಪ ಹೋದ ತೂಬಿನಲ್ಲಿ ಕುರಿ ನೀರು ಕುಡಿಯುತ್ತಿದ್ದವು, ಅವಕ್ಕೆ ಪೈಪಿನ ಅಗತ್ಯವಿರಲಿಲ್ಲ.

ಹನ್ನೆರಡನೆಯ ದಿನ. ಸಾಹೇಬರು ಬಂದರು. ಲಿಂಗಸುಗೂರಿನ ಗೋದಾಮಿನ ಕಾಗದವನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಮಾಬುಬೀ ಅದರ ಬೆನ್ನಿಗೇ ಎರಡೂ ದಿನದ ಗೀಟು ಸೊನ್ನೆಗಳನ್ನು, ತನ್ನವನ್ನೂ ಆದೆಪ್ಪನಿಂದ ತರಿಸಿಕೊಂಡವನ್ನೂ, ಬರೆದುಕೊಂಡು ಕೂತಳು. ಹತ್ತರಲ್ಲಿ ಐದು ತಾಳೆಯಾಗಿದ್ದವು, ಐದು ಆಗಿರಲಿಲ್ಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಹಾಗಾದರೆ ಗೂಟ ಒಂದೇ ಅಲ್ಲವೇ? ಸೆಟ್ಟಿನಲ್ಲಿ ನಡೆದ ಮಾತನ್ನು ಮೊದಲಿಂದ ನೆನಪಿಸಿಕೊಂಡಳು. ತಾನು ‘ಒಂದು’ ಎಂದದ್ದು. ಆದೆಪ್ಪ ಉತ್ತರ ಕೊಟ್ಟದ್ದು:

“ಹಾಂ ಆಪಾ, ಊಟಾತೇನ್ರಿ? ಅಮ್ಮಾರು ಆರಾಮ ಅದಾರೇನ್ರಿ? ಬಿಸಲು ಭಾಳ ಐತ್ರಿ. ಒಂದು.”

ಎರಡಕ್ಕೂ ಅದೇ. ಮೂರಕ್ಕೂ ಅದೇ. ಹತ್ತಕ್ಕೂ ಅದೇ.

ಆದೆಪ್ಪನನ್ನು ಮತ್ತೆ ಕರೆಸಿದಳು.

“ಆದೆಪ್ಪಾ, ನೀ ನನ್ನ ಊಟ ಕೇಳೂದ್ರಾಗ ಜೀಪು ಎರಡು ಬೇವಿನ ಗಿಡ ದಾಟಿರ್ತೈತಿ. ನೀ ನೋಡಿದ ಮುಳ್ಳು ಮೊದಲನೇ ಗಿಡದ್ದು, ನಾ ನೋಡಿದ್ದು ಮೂರನೇ ಗಿಡದ್ದು. ಹ್ಯಾಂಗ ಕೂಡ್ತಾವ? ನಾ ಒಂದು ಅಂದ ಕೂಡ್ಲೆ ಒಂದು ಅಂದುಬಿಡು. ನಡುವ ಏನೂ ಬ್ಯಾಡ.”

“ಏನೂ ಬ್ಯಾಡೇನ್ರಿ?” ಆದೆಪ್ಪನ ಮುಖ ಇಳಿಯಿತು. “ಉಂಡೀರೋ ಇಲ್ಲೋ ತಿಳೀದನ ಮಾರಿ ಮ್ಯಾಲ ಅಂಕಿ ಒಗದಂಗ ಆಗ್ತೈತಲ್ರಿ? ದನದ ಜೋಡಿ ಸೈತ ನಾ ಹಂಗ ಮಾತಾಡಿಲ್ಲ.”

“ಕೇಳೂದೆಲ್ಲ ಕೂಡಿಸಿಟ್ಕ. ಶನಿವಾರ ಬಂದು ಒಮ್ಮೆಲೆ ಕೇಳು.”

“ಎಲ್ಲಾನೂ?”

“ಎಲ್ಲಾನೂ. ಕುರ್ಚಿ ಉಳಿದ್ರ ಇಲ್ಲೇ ಕುಂತು ಕೇಳಸ್ಗಂತೀನಿ. ಇಲ್ಲಾಂದ್ರ ಲಿಂಗಸುಗೂರಿಗೆ ಬರಬೇಕಾಗ್ತೈತಿ ನೀ.”

ಹದಿಮೂರನೆಯ ದಿನ ಕಾಲುವೆಯಲ್ಲಿ ನೀರು ನಿಂತಿತ್ತು, ಹದಿನಾಲ್ಕನೆಯ ದಿನ ಮತ್ತೆ ಬಿಟ್ಟರು. ಮಧ್ಯಾಹ್ನ ಸಾಹೇಬರು ಬಂದು ಮಾಬುಬೀಯ ಹಿಂದೆ ನಿಂತರು. ನಕ್ಷೆಯ ಮೇಲೆ ನಾಲ್ಕನೇ ತೂಬನ್ನು ಬೆರಳಿನಿಂದ ತೋರಿಸಿದರು. ಮಾಬುಬೀ ಗುಂಡಿ ಒತ್ತಿದಳು.

“ಆದೆಪ್ಪಾ, ಜೀಪು ಬಿಡು. ಶುರು ಮಾಡೂನು, ಓವರ್.”

“ಜೀಪು ಬಿಡಾಕ ಆಗಲ್ರಿ ಆಪಾ,” ಬಂತು ಉತ್ತರ, “ಕ್ಲಚ್ ಹೋಗೈತಿ. ಐದನೇ ತೂಬಿನ ಹಂತ್ಯಾಕ ಏರಿ ಮ್ಯಾಲ ನಿಂತುಬಿಟ್ಟೈತಿ.”

ನಿಂತ ಜೀಪಿನಲ್ಲಿ ಮುಳ್ಳೂ ನಿಲ್ಲುತ್ತದೆ. ಐದಕ್ಕೆ ಐದೂ ಗೀಟು; ಅದರಲ್ಲಿ ಗುಟ್ಟೇನು ಬಂತು? ಸಾಹೇಬರು ನಿಟ್ಟುಸಿರು ಬಿಟ್ಟು ಗೋದಾಮಿನ ಕಾಗದದ ಕಡೆ ನೋಡಿದರು.

“ಅಲ್ಲೇ ಇರು. ಹ್ಯಾಂಗಾರ ಮಾಡಿ ಜೀಪು ಅಳ್ಳಾಡಿಸು” ಎಂದಳು ಮಾಬುಬೀ.

ಹೇಗೆ ಅಲ್ಲಾಡಿಸುವುದೆಂದು ಆದೆಪ್ಪ ಕೆಳಗಿಳಿದು ನಿಂತಿದ್ದಾಗ ಏರಿಯ ಮೇಲೆ ಗಾಳೆಮ್ಮ ಬರುತ್ತಿದ್ದಳು, ಮುಂದೆ ಅವಳ ಜೋಡೆತ್ತು. ನೀರು ಎಲ್ಲಿಯವರೆಗೆ ಬಂದಿದೆ ನೋಡಲು ಬಂದವಳು. ಆದೆಪ್ಪ ಕೈ ಮುಗಿದ. “ಯವ್ವಾ, ಊಟಾತೇನು? ಎತ್ತು ಕಟ್ಟಿ ಈ ಜೀಪು ತುಸು ಎಳೀಬೇಕಲ್ಲ.”

“ಎಲ್ಲಿಗೆ ಎಳೀಲಿ?”

“ಎಲ್ಲಿಗೂ ಇಲ್ಲ. ಸುಮ್ನ ಎಳಿ.”

ಗಾಳೆಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಸರ್ಕಾರದ ಜೀಪು ಎಲ್ಲಿಗೂ ಹೋಗಲ್ಲ ಅಂತ ಮೊದಲ ಗೊತ್ತಿತ್ತು. ಅದಕ್ಕ ಎತ್ತು ಬ್ಯಾರೆ ಬೇಕಾ?”

ಆದರೂ ಹಗ್ಗ ಕಟ್ಟಿದಳು. ಎತ್ತುಗಳು ನಡೆದವು. ಆದೆಪ್ಪ ಒಂದು ಕೈಲಿ ಸ್ಟೇರಿಂಗು, ಒಂದು ಕೈಲಿ ಮೈಕು ಹಿಡಿದು, ಪೆನ್ಸಿಲು ಹಲ್ಲಲ್ಲಿ ಕಚ್ಚಿಕೊಂಡ. ಇಂಜಿನಿನ ಓಟದಲ್ಲಿ ಹುಚ್ಚಾಪಟ್ಟೆ ಹಾರುತ್ತಿದ್ದ ಮುಳ್ಳು ಎತ್ತಿನ ನಡಿಗೆಗೆ ಬಲು ಗಂಭೀರವಾಗಿ ಎದ್ದು, ಬಲು ಗಂಭೀರವಾಗಿ ಇಳಿಯತೊಡಗಿತು.

“ಒಂದು.”

“ಒಂದು.”

“ಎರಡು.”

“ಎರಡು.”

ಗಾಳೆಮ್ಮ ಹಿಂತಿರುಗಿ ನೋಡಿದಳು. “ಯಾಕಲೇ ತಮ್ಮಾ, ಆ ಹೆಣ್ಮಗಳ ಮ್ಯಾಲ ಸಿಟ್ಟೇನು ನಿನಗ? ಹಂಗ ಮಾರಿ ಮುರದು ಮಾತಾಡಾಕತ್ತಿ?” ಆದೆಪ್ಪನ ಕಣ್ಣಲ್ಲಿ ನೀರು ನಿಂತಿತು. ಆದರೆ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. “ಮೂರು,” ಎಂದಳು ಮಾಬುಬೀ. “ಮೂರು ಬಿಡ್ರಿ,” ಎಂದ. ಮುಳ್ಳು ನಟ್ಟನಡು ನಿಂತಿತ್ತು. ನಾಲ್ಕು, ಐದು, ಆರಕ್ಕೆ ಮುಗಿಯಿತು. ಮಾಬುಬೀ ಕಾಗದ ನೋಡಿದಳು: ಗೀಟು, ಸೊನ್ನೆ, ಗೀಟು, ಗೀಟು, ಸೊನ್ನೆ. ಮೂರು ಗೀಟು. ನಾಲ್ಕಕ್ಕೆ ಮೂರು ಕೂಡಿಸಿದಳು.

“ಏಳು ನೋಡು, ಓವರ್.”

ನಾಲ್ಕನೇ ತೂಬಿನ ಬಳಿ ಗುಡಿಸಲ ಮುಂದಿನ ಬೇವಿನ ಗಿಡದಡಿ ಮುದುಕಪ್ಪ ತೊಡೆಯ ಮೇಲೆ ರೇಡಿಯೋ ಇಟ್ಟುಕೊಂಡು ಕೂತಿದ್ದ. ಒಂದು ಒಂದು, ಎರಡು ಎರಡು ಎಂದು ಕೇಳಿ, ಚೀಲ ಎಣಿಸುತ್ತಿದ್ದಾರೆಂದುಕೊಂಡ. ‘ಏಳು’ ಎಂದ ಮೇಲೆ ನಿರಾಳವಾದ. ಏಳನೇ ತೂಬಿನ ಬೀಗನಿಗೆ ಪೈಪು ಕೀಳಲು ಹೇಳಿ ಕಳಿಸಿ, ತನ್ನ ಆರಿಂಚಿನ ಪೈಪು ಗಳಗಳ ಅನ್ನುವುದನ್ನು ಕೇಳುತ್ತ ಟವೆಲು ಹಾಸಿ ಮಲಗಿದ. ಜೀಪಿನ ಸದ್ದು ಬಂದರೆ ಎದ್ದರಾಯಿತು.

ಜೀಪಿನ ಸದ್ದು ಬರಲೇ ಇಲ್ಲ. ಎತ್ತಿನ ಕೊರಳ ಗಂಟೆ ಬಂತು. ಎತ್ತು ಯಾರದೋ ಹೊಲಕ್ಕೆ ಹೋಗುತ್ತಿರಬೇಕೆಂದು ಮುದುಕಪ್ಪ ಮಗ್ಗುಲಾದ. ಗಂಟೆ ತಲೆಯ ಹತ್ತಿರವೇ ನಿಂತಿತು. ಕಣ್ಣು ಬಿಟ್ಟರೆ ಎತ್ತು, ಎತ್ತಿನ ಹಿಂದೆ ಗಾಳೆಮ್ಮ, ಅವಳ ಹಿಂದೆ ‘ಬ್ರೇಕ್ ಸರಿ ಇಲ್ಲ’ ಎಂಬ ಜೀಪು, ಅದರಿಂದ ಇಳಿಯುತ್ತಿರುವ ಆದೆಪ್ಪ.

“ಮುದುಕಪ್ಪಣ್ಣ, ಊಟಾತೇನು?” ಎಂದ ಆದೆಪ್ಪ, ಇಡೀ ಮಧ್ಯಾಹ್ನದ ಬರಗಾಲ ತೀರಿಸಿಕೊಂಡು.

ಮುದುಕಪ್ಪ ಎದ್ದು ಕೂರುವಷ್ಟರಲ್ಲಿ ಅವನ ಪಕ್ಕದ ರೇಡಿಯೋವೇ ಬಾಯಿಬಿಟ್ಟಿತು. “ಆದೆಪ್ಪಾ, ಪೈಪು ಸಿಕ್ತೇನು? ಓವರ್.”

ಮುದುಕಪ್ಪ ರೇಡಿಯೋ ನೋಡಿದ, ಪೈಪು ನೋಡಿದ, ಗಾಳೆಮ್ಮನನ್ನು ನೋಡಿದ. ಕೊನೆಗೆ ನಕ್ಕುಬಿಟ್ಟ. “ಸಿಕ್ಕೈತಿ ಅಂತ ಹೇಳಪಾ ಆಪಾಗ. ಕಾಯಿಸಬ್ಯಾಡ.”

ಪೈಪು ಕೀಳಲು ಅವನೇ ಒಂದು ಕೈ ಹಾಕಿದ. ಗಾಳೆಮ್ಮ ಎರಡು ಕೈಯೂ ಹಾಕಿದಳು. ಮುಂದಿನ ವಾರದಲ್ಲಿ ಇನ್ನೂ ಆರು ಪೈಪು ಮೇಲೆದ್ದವು. ನೋಟಿಸು ಹೋದವು, ಬೈಗುಳ ಬಂದವು, ಬಾಲದ ತುದಿಗೆ ನೀರು ಹರಿಯಿತು. ಗಾಳೆಮ್ಮ ಸುಗ್ಗಿಯಾದ ಮೇಲೆ ಒಂದು ಪಡಿ ಹೊಸ ಅಕ್ಕಿ ತಂದು ಸೆಟ್ಟಿನ ಮುಂದಿಟ್ಟು ಹೋದಳು. ಅಕ್ಕಿ ಯಾರಿಗೆ, ಸೆಟ್ಟಿಗೋ ನಿಮಗೋ ಎಂದು ಗುಮಾಸ್ತರು ಕೆಣಕಿದರೆ ಮಾಬುಬೀ, “ಗೂಟಕ್ಕ” ಎಂದಳು. ಅವರಿಗೆ ತಿಳಿಯಲಿಲ್ಲ.

ಗೋದಾಮಿನ ಕಾಗದವನ್ನು ಸಾಹೇಬರು ತಾವೇ ಬಂದು ಎತ್ತಿಕೊಂಡು ಹೋದರು. ಅದರ ಬೆನ್ನಿಗೆ ಗೀಟು ಸೊನ್ನೆಗಳಿದ್ದವು. “ಇದು ಏನು ಅಂತ ಮೇಲಿನವರಿಗೆ ಹೇಗೆ ಬರೀಲಿ?” ಎಂದರು. “ಬರೀಬ್ಯಾಡ್ರಿ ಸರ್, ಬರದ್ರ ಸೋರ್ತೈತಿ” ಎಂದಳು ಮಾಬುಬೀ. ಅವರು ಬರೆಯಲಿಲ್ಲ. ಬರೆದದ್ದು ಎರಡು ವರ್ಷದ ನಂತರ, ಅವಳ ಕೆಲಸ ಖಾಯಂ ಮಾಡಬೇಕೆಂಬ ಶಿಫಾರಸು. ತೊಂಬತ್ತೆರಡರಲ್ಲಿ ಖಾಯಂ ಆಯಿತು. ದಿಂಬಿಗೆ ಹೊಸ ಚಾದರ ಬಂತು.

ಆ ಶನಿವಾರದ ಮಾತು ಬಿಟ್ಟೇ ಹೋಯಿತು. ಆದೆಪ್ಪ ಕ್ಲಚ್ ಹಾಕಿಸಿಕೊಂಡು ಬಂದವನು, ಕೈಕಾಲು ತೊಳೆದು, ಮಾಬುಬೀಯ ಎದುರು ಬಾಕಿನ ಮೇಲೆ ನೆಟ್ಟಗೆ ಕೂತು ಆರಂಭಿಸಿದ. ಗುರುವಾರ ಊಟಾತೇನ್ರಿ? ಏನ್ ಮಾಡಿದ್ರಿ? ಅಮ್ಮಾರ ಮೊಣಕಾಲು ನೋವು? ಶುಕ್ರವಾರ? ಮಾಬುಬೀ ಒಂದೊಂದಕ್ಕೂ ಬಿಡದೆ ಉತ್ತರ ಕೊಟ್ಟಳು. ಪುಂಡಿಪಲ್ಲೆ, ರೊಟ್ಟಿ. ಮೊಣಕಾಲು ಪರವಾಗಿಲ್ಲ. ಶುಕ್ರವಾರ ಖಿಚಡಿ. ಸಾಹೇಬರು ಎರಡು ಸಲ ಬಾಗಿಲಿಗೆ ಬಂದು ಹಿಂತಿರುಗಿದರು.

ಆಮೇಲೆ ಎಂಟು ವರ್ಷ ಅವರಿಬ್ಬರೂ ದಿನಾ ಮಧ್ಯಾಹ್ನ ಅಂಕಿ ಒಗೆದಾಡಿದರು, ಶನಿವಾರಕ್ಕೊಮ್ಮೆ ಮಾತಾಡಿದರು. ತೊಂಬತ್ತೇಳರಲ್ಲಿ ಹೊಸ ಸೆಟ್ಟುಗಳು ಬಂದವು. ಜೋಡಿಸಲು ಬಂದ ತಂತ್ರಜ್ಞ, ಇದರಲ್ಲಿ ಮಾತಿಗೆ ಒಳಗೇ ಬೀಗ ಬೀಳುತ್ತದೆ, ಹೊರಗಿನವರಿಗೆ ಬರೀ ಗರಗರ ಎಂದ.

“ಚಾವಿ ಯಾರ ಕಡೆ ಐತಿ?” ಎಂದಳು ಮಾಬುಬೀ.

“ಕಂಪನಿಯವರೇ ಒಳಗೆ ಹಾಕಿ ಲಾರಿಯಲ್ಲಿ ಕಳಿಸಿದ್ದಾರೆ.”

“ಲಾರಿಯವ ಹಾದ್ಯಾಗ ಯಾರಿಗಾರ ಲಿಫ್ಟ್ ಕೊಟ್ಟಾನೇನು ಕೇಳ್ಯೀರಾ?”

ಅವನು ಕೇಳಿರಲಿಲ್ಲ. ಮಾಬುಬೀ ನಗುತ್ತ ಹೊಸ ಗುಂಡಿ ಒತ್ತಿದಳು. ಹೊಸ ಸೆಟ್ಟಿಗೆ ಮುಳ್ಳಿರಲಿಲ್ಲ, ಎಣಿಸುವ ಕೆಲಸವೂ ಇರಲಿಲ್ಲ. “ಆದೆಪ್ಪಾ, ಇನ್ನ ಎಣಸೂದಿಲ್ಲ, ಓವರ್” ಎಂದಳು. ಎಂಟು ವರ್ಷ ತಡೆದಿಟ್ಟುಕೊಂಡವನು ಇನ್ನು ಶನಿವಾರಕ್ಕೆ ಕಾಯಲಿಲ್ಲ. ಬುಧವಾರದ ನಡುಮಧ್ಯಾಹ್ನವೇ, ಕಾಲುವೆಯ ಏರಿಯ ಮೇಲಿಂದ ದನಿ ಬಂತು:

“ಊಟಾತೇನ್ರಿ ಆಪಾ, ಓವರ್?”